ಇಪ್ಪತ್ತೆಂಟನೇ ಪ್ರಶ್ನೆ: ವಲಸಿಗರನ್ನು 'ನೀವು ಯಾರ ಕಡೆ?' ಎಂದು ಕೇಳಿದಾಗ

1943ರ ಆರಂಭದಲ್ಲಿ, ಜಪಾನಿನ ಜೊತೆ ಯುದ್ಧ ನಡೆಯುತ್ತಿದ್ದಾಗ, ಅಮೆರಿಕ ಸರ್ಕಾರ, ತಾನೇ ಶಿಬಿರಗಳಲ್ಲಿ ಕೂಡಿಹಾಕಿದ್ದ ಜಪಾನಿ ಮೂಲದವರ ಕೈಗೆ ಒಂದು ಫಾರಂ ಕೊಟ್ಟಿತು. ಅದರ 28ನೇ ಪ್ರಶ್ನೆಯ ಸಾರ ಇಷ್ಟು: ಅಮೆರಿಕಕ್ಕೆ ಪೂರ್ತಿ ನಿಷ್ಠರಾಗಿರುತ್ತೇವೆ, ಜಪಾನಿನ ಚಕ್ರವರ್ತಿಯ ಮೇಲಿನ ನಿಷ್ಠೆಯನ್ನು ಬಿಟ್ಟುಬಿಡುತ್ತೇವೆ ಎಂದು ಪ್ರಮಾಣ ಮಾಡುತ್ತೀರಾ? ಹೌದು ಅಥವಾ ಇಲ್ಲ ಎಂದು ಬರೆಯಬೇಕು.

ಕೇಳುವವರಿಗೆ ಇದು ಸುಲಭದ ಪ್ರಶ್ನೆ. ಉತ್ತರ ಬರೆಯುವವರಿಗೆ ಎರಡು ಕಡೆಯೂ ಗೋಡೆ. ಅಮೆರಿಕದಲ್ಲೇ ಹುಟ್ಟಿದ ಯುವಕ 'ಹೌದು' ಅಂದರೆ, ಇಷ್ಟು ದಿನ ಚಕ್ರವರ್ತಿಗೆ ನಿಷ್ಠನಾಗಿದ್ದೆ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಅವನ ಅಪ್ಪ ಅಮ್ಮನ ಸಂಕಟ ಬೇರೆ. ಜಪಾನಿನಿಂದ ಬಂದವರು ಅಮೆರಿಕದ ಪೌರರಾಗಲು ಆಗಿನ ಕಾನೂನು ಬಿಡುತ್ತಲೇ ಇರಲಿಲ್ಲ. ಜಪಾನನ್ನೂ ಬಿಟ್ಟರೆ ಅವರಿಗೆ ಯಾವ ದೇಶವೂ ಉಳಿಯುತ್ತಿರಲಿಲ್ಲ. ಅವರ ಮಟ್ಟಿಗೆ ಪ್ರಶ್ನೆಯ ಮಾತನ್ನೇ ಆಮೇಲೆ ಬದಲಿಸಬೇಕಾಯಿತು. 'ಇಲ್ಲ' ಎಂದು ಬರೆದ ಸಾವಿರಾರು ಜನರನ್ನು ಟೂಲಿ ಲೇಕ್ ಎಂಬ ಬಿಗಿ ಕಾವಲಿನ ಶಿಬಿರಕ್ಕೆ ಸಾಗಿಸಿದರು.

ಹೀಗೆ ಕೂಡಿಹಾಕಿದ್ದು ಸುಮಾರು 1,20,000 ಜನರನ್ನು. ಮೂರರಲ್ಲಿ ಎರಡು ಪಾಲು ಅಮೆರಿಕದ ಪೌರರೇ. 1983ರಲ್ಲಿ ಅಮೆರಿಕದ ಸರ್ಕಾರಿ ಆಯೋಗವೇ ಇದನ್ನು ಪರಿಶೀಲಿಸಿ ಹೇಳಿತು: ಇದಕ್ಕೆ ಸೈನ್ಯದ ಅಗತ್ಯ ಕಾರಣವಾಗಿರಲಿಲ್ಲ, ಜನಾಂಗದ ಮೇಲಿನ ಪೂರ್ವಗ್ರಹ, ಯುದ್ಧದ ಉನ್ಮಾದ ಮತ್ತು ರಾಜಕೀಯ ನಾಯಕತ್ವದ ಸೋಲು ಕಾರಣ. 1988ರಲ್ಲಿ ಸರ್ಕಾರ ಕ್ಷಮೆ ಕೇಳಿ, ಬದುಕಿ ಉಳಿದಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಟ್ಟಿತು.

ಆದರೆ ಆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಇವತ್ತಿಗೂ ಬೇರೆ ಬೇರೆ ಮಾತಿನಲ್ಲಿ ಅದನ್ನೇ ಕೇಳುತ್ತಾರೆ. ವಲಸೆ ಬಂದವರು ತಾಯ್ನಾಡಿನ ಚುನಾವಣೆಯಲ್ಲಿ ಮತ ಹಾಕಿದರೆ, ಅಲ್ಲಿನ ನಾಯಕ ಬಂದಾಗ ಸ್ಟೇಡಿಯಂ ತುಂಬಿದರೆ, ಅಲ್ಲಿನ ಯುದ್ಧದ ಬಗ್ಗೆ ಬೀದಿಗೆ ಇಳಿದರೆ ಚರ್ಚೆ ಶುರು. ಇವರು ನಮ್ಮವರಾ, ಅವರ ಕಡೆಯವರಾ? ಬ್ರಿಟನ್ನಿನ ರಾಜಕಾರಣಿ ನಾರ್ಮನ್ ಟೆಬಿಟ್ 1990ರಲ್ಲಿ ಇದಕ್ಕೆ ಕ್ರಿಕೆಟ್ಟನ್ನೇ ಅಳತೆಗೋಲು ಮಾಡಿದರು. ವಲಸಿಗರು ಯಾವ ತಂಡ ಗೆಲ್ಲಲಿ ಎಂದು ಕೂಗುತ್ತಾರೆ ನೋಡಿ ಎಂದರು.

ಈ ಚರ್ಚೆಯಲ್ಲಿ ನಿಜವಾದ ಕಳವಳವೂ ಇದೆ. ಹೊರಗಿನ ಸರ್ಕಾರಗಳು ವಲಸಿಗರ ನಡುವೆ ಕೈಯಾಡಿಸುವುದು ಸುಳ್ಳಲ್ಲ. ಆದರೆ ಅದನ್ನು ನಿಷ್ಠೆಯ ಪ್ರಶ್ನೆ ಮಾಡಿದ ಕೂಡಲೇ ವಿಷಯ ಕೈತಪ್ಪಿ ಹೋಗುತ್ತದೆ. ಕೈಯಾಡಿಸುವುದು ಒಂದು ಸರ್ಕಾರ, ಕೆಲವು ಜನ. ಉತ್ತರ ಕೊಡಬೇಕಾಗಿ ಬರುವುದು ಮಾತ್ರ ಇಡೀ ಸಮುದಾಯ. ಇದು ಹೇಗೆ ಆಗುತ್ತದೆ ಅನ್ನುವುದನ್ನು ನಾಲ್ಕಾರು ಕಡೆ ನೋಡಿದರೆ ತಿಳಿಯುತ್ತದೆ.

ಮೊದಲು ಜರ್ಮನಿ. 1961ರಲ್ಲಿ ಆಗಿನ ಪಶ್ಚಿಮ ಜರ್ಮನಿ ಮತ್ತು ತುರ್ಕಿ ಒಂದು ಒಪ್ಪಂದ ಮಾಡಿಕೊಂಡವು. ಕಾರ್ಖಾನೆಗಳಿಗೆ ತುರ್ಕಿಯಿಂದ ಕೆಲಸಗಾರರು ಬಂದರು. ಅವರನ್ನು ಅತಿಥಿ ಕಾರ್ಮಿಕರು ಎಂದು ಕರೆದರು. ಅತಿಥಿ ಅಂದಮೇಲೆ ಒಂದು ದಿನ ಹೊರಡಬೇಕು, ಅಲ್ವಾ? ಬಹಳ ಜನ ಹೊರಡಲಿಲ್ಲ. ಅಲ್ಲೇ ಮನೆ ಮಾಡಿದರು, ಮಕ್ಕಳಾದರು. ವಿದೇಶಿ ದಂಪತಿಯ ಮಗು ಜರ್ಮನಿಯಲ್ಲೇ ಹುಟ್ಟಿದರೂ ಹುಟ್ಟಿನಿಂದ ಪೌರತ್ವ ಸಿಗಲು 2000ದ ಕಾನೂನು ಬರಬೇಕಾಯಿತು. ದೊಡ್ಡವರು ಜರ್ಮನಿಯ ಪೌರರಾಗಬೇಕಾದರೆ ಸಾಮಾನ್ಯವಾಗಿ ತುರ್ಕಿಯ ಪೌರತ್ವ ಬಿಡಬೇಕಿತ್ತು. ಎರಡನ್ನೂ ಇಟ್ಟುಕೊಳ್ಳಬಹುದು ಎಂಬ ಕಾನೂನು ಜಾರಿಗೆ ಬಂದದ್ದು 2024ರ ಜೂನ್ 27ಕ್ಕೆ. ಅಂದರೆ ಮೊದಲ ಒಪ್ಪಂದವಾಗಿ ಸುಮಾರು 63 ವರ್ಷ ಕಳೆದ ಮೇಲೆ.

ಈ ನಡುವೆ ತುರ್ಕಿ ಏನು ಮಾಡಿತು? 2014ರ ಅಧ್ಯಕ್ಷರ ಚುನಾವಣೆಯಿಂದ ವಿದೇಶಗಳಲ್ಲೇ ಮತಪೆಟ್ಟಿಗೆ ಇಟ್ಟಿತು. ನೆಲೆಸಿದ ದೇಶದಲ್ಲಿ ಮತ ಇಲ್ಲದವನಿಗೆ ತಾಯ್ನಾಡು ಮತ ಕೊಟ್ಟಿತು. ನಲವತ್ತು ವರ್ಷ ತೆರಿಗೆ ಕಟ್ಟಿ, ಒಮ್ಮೆಯೂ ಮತ ಹಾಕದೆ ಬದುಕಿದ ಮನುಷ್ಯನ ಮುಂದೆ ಯಾರಾದರೂ ಮತಪೆಟ್ಟಿಗೆ ತಂದಿಟ್ಟರೆ ಅವನು ಅತ್ತ ತಿರುಗುವುದು ಸಹಜ. ತಾಯ್ನಾಡಿನ ರಾಜಕೀಯದ ಸೆಳೆತ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಇಲ್ಲಿನ ಬಾಗಿಲು ಮುಚ್ಚಿದ್ದರಿಂದ ಬಂದದ್ದು ಎಂದೇ ನನಗೆ ಅನಿಸುತ್ತದೆ.

2017ರ ಏಪ್ರಿಲ್‌ನಲ್ಲಿ ತುರ್ಕಿಯಲ್ಲಿ ಜನಮತಗಣನೆ ನಡೆಯಿತು. ಅಧ್ಯಕ್ಷ ಎರ್ಡೋಗನ್ ಅವರಿಗೆ ಹೆಚ್ಚಿನ ಅಧಿಕಾರ ಕೊಡುವ ತಿದ್ದುಪಡಿ ಅದು. ತುರ್ಕಿಯೂ ಸೇರಿ ಒಟ್ಟು ಮತಗಳಲ್ಲಿ ಸುಮಾರು 51 ಶೇಕಡ ಪರವಾಗಿ ಬಂದರೆ, ಜರ್ಮನಿಯಲ್ಲಿ ಬಿದ್ದ ಮತಗಳಲ್ಲಿ ಸುಮಾರು 63 ಶೇಕಡ ಪರವಾಗಿದ್ದವು. ಜರ್ಮನಿಯಲ್ಲಿ ಗದ್ದಲವೋ ಗದ್ದಲ. ಪ್ರಜಾಪ್ರಭುತ್ವದಲ್ಲಿ ಸುಖವಾಗಿದ್ದುಕೊಂಡು ಅಲ್ಲಿ ಒಬ್ಬನೇ ಆಳಲಿ ಎನ್ನುತ್ತಾರೆ, ಇವರು ಇಲ್ಲಿಗೆ ಹೊಂದಿಕೊಂಡೇ ಇಲ್ಲ ಎಂಬ ಮಾತು ಎಲ್ಲೆಡೆ ಬಂತು.

ಲೆಕ್ಕ ಹಾಕಿ ನೋಡೋಣ. ಜರ್ಮನಿಯಲ್ಲಿ ತುರ್ಕಿ ಮೂಲದವರು ಸುಮಾರು 30 ಲಕ್ಷ. ಅವರಲ್ಲಿ ಆ ದಿನ ಮತದ ಹಕ್ಕು ಇದ್ದವರು ಸುಮಾರು 14 ಲಕ್ಷ. ಮತ ಹಾಕಿದವರು ಅದರಲ್ಲೂ ಅರ್ಧಕ್ಕಿಂತ ಕಡಿಮೆ. ಅವರ ಪೈಕಿ 63 ಶೇಕಡ ಅಂದರೆ ನಾಲ್ಕು ಲಕ್ಷದ ಆಸುಪಾಸು. ಮಕ್ಕಳು, ಜರ್ಮನ್ ಪೌರರು ಎಲ್ಲರನ್ನೂ ಸೇರಿಸಿ ನೋಡಿದರೆ ಏಳು ಜನರಲ್ಲಿ ಒಬ್ಬರು 'ಹೌದು' ಎಂದಿದ್ದರು. ಉಳಿದ ಆರು ಜನ 'ಇಲ್ಲ' ಎಂದರು, ಮತ ಹಾಕಲಿಲ್ಲ, ಅಥವಾ ಅವರಿಗೆ ಮತವೇ ಇರಲಿಲ್ಲ. ನಾಲ್ಕು ಲಕ್ಷ ಸಣ್ಣ ಸಂಖ್ಯೆಯಲ್ಲ. ಅವರ ಆಯ್ಕೆಯನ್ನು ಟೀಕಿಸುವ ಹಕ್ಕು ಯಾರಿಗೂ ಇದೆ. ಆದರೆ 'ಜರ್ಮನಿಯ ತುರ್ಕರು' ಎಂದು ವಾಕ್ಯ ಶುರು ಮಾಡಿದರೆ, ಅದರಲ್ಲಿ ಆ ಆರು ಜನರೂ ಸೇರಿಹೋಗುತ್ತಾರೆ. ಎರ್ಡೋಗನ್ ಸರ್ಕಾರದಿಂದ ತಪ್ಪಿಸಿಕೊಂಡು ಬಂದವರು, ಕುರ್ದರು, ಅಲೆವಿ ಪಂಥದವರು, ತುರ್ಕಿಯ ರಾಜಕೀಯವೇ ಬೇಡ ಎಂದು ಸುಮ್ಮನಿರುವವರು, ಎಲ್ಲರೂ.

ಆ ಜನಮತಗಣನೆಗೆ ಮೊದಲು ತುರ್ಕಿಯ ಮಂತ್ರಿಗಳು ಯುರೋಪಿನಲ್ಲಿ ಪ್ರಚಾರಕ್ಕೆ ಹೊರಟಿದ್ದರು. ಮಾರ್ಚ್ 11ರಂದು ನೆದರ್ಲೆಂಡ್ಸ್ ತುರ್ಕಿಯ ವಿದೇಶಾಂಗ ಮಂತ್ರಿಯ ವಿಮಾನ ಇಳಿಯಲು ಬಿಡಲಿಲ್ಲ. ರಸ್ತೆಯಲ್ಲಿ ರೋಟರ್‌ಡ್ಯಾಮ್‌ಗೆ ಬಂದ ಇನ್ನೊಬ್ಬ ಮಂತ್ರಿಯನ್ನು ಪೊಲೀಸರು ಗಡಿಯ ತನಕ ಬಿಟ್ಟು ಬಂದರು. ಬೀದಿಯಲ್ಲಿ ಸೇರಿದ ಜನರ ಮೇಲೆ ಜಲಫಿರಂಗಿ ಹಾರಿತು. ನಾಲ್ಕು ದಿನಕ್ಕೆ ನೆದರ್ಲೆಂಡ್ಸ್‌ನಲ್ಲೇ ಚುನಾವಣೆ ಇತ್ತು. ಎರಡೂ ಕಡೆಯ ನಾಯಕರಿಗೆ ಈ ಜಗಳ ಅನುಕೂಲವಾಯಿತು ಎಂದರೆ ತಪ್ಪಾಗದು. ಮರುದಿನ ಬೆಳಿಗ್ಗೆ ಅದೇ ಬೀದಿಯಲ್ಲಿ ಕೆಲಸಕ್ಕೆ, ಶಾಲೆಗೆ ಹೋಗಬೇಕಾದವರಿಗೆ ಮಾತ್ರ ಯಾವ ಅನುಕೂಲವೂ ಆಗಲಿಲ್ಲ. ಜರ್ಮನಿ ಆಮೇಲೆ ಒಂದು ಸರಳ ನಿಯಮ ತಂದಿತು. ಯುರೋಪಿಯನ್ ಒಕ್ಕೂಟದ ಹೊರಗಿನ ನಾಯಕರು ತಮ್ಮ ದೇಶದ ಚುನಾವಣೆಗೆ ಮುಂಚಿನ ಮೂರು ತಿಂಗಳು ಜರ್ಮನಿಯಲ್ಲಿ ಪ್ರಚಾರ ಮಾಡುವಂತಿಲ್ಲ. ಇದು ಒಳ್ಳೆಯ ನಿಯಮ. ಸರ್ಕಾರ ಸರ್ಕಾರಕ್ಕೆ ಹಾಕಿದ ಗೆರೆ ಇದು, ನಡುವೆ ಇರುವ ಜನರನ್ನು ಏನೂ ಕೇಳುವುದಿಲ್ಲ.

ಮುಂದಿನ ವರ್ಷ ಒಂದು ಫೋಟೋ ಬಂತು. 2018ರ ಮೇ ತಿಂಗಳಲ್ಲಿ, ವಿಶ್ವಕಪ್‌ಗೆ ಸ್ವಲ್ಪ ಮೊದಲು, ಜರ್ಮನಿಯ ಫುಟ್‌ಬಾಲ್ ಆಟಗಾರರಾದ ಮೆಸುತ್ ಓಜಿಲ್ ಮತ್ತು ಇಲ್ಕಾಯ್ ಗುಂಡೋವಾನ್ ಲಂಡನ್‌ನಲ್ಲಿ ಎರ್ಡೋಗನ್ ಜೊತೆ ನಿಂತಿದ್ದರು. ಇಬ್ಬರೂ ಗೆಲ್ಸೆನ್‌ಕಿರ್ಶನ್ ಎಂಬ ಗಣಿ ಪಟ್ಟಣದಲ್ಲಿ ಹುಟ್ಟಿದವರು. ಗುಂಡೋವಾನ್ ಕೊಟ್ಟ ಜರ್ಸಿಯ ಮೇಲೆ 'ನನ್ನ ಅಧ್ಯಕ್ಷರಿಗೆ' ಎಂಬ ಅರ್ಥದ ಮಾತಿತ್ತು. ಜರ್ಮನಿ ವಿಶ್ವಕಪ್‌ನ ಮೊದಲ ಸುತ್ತಿನಲ್ಲೇ ಹೊರಬಿತ್ತು. ಬೈಗುಳ ಹೆಚ್ಚಾಗಿ ಓಜಿಲ್ ಮೇಲೆ ಬಿತ್ತು. ಗೆದ್ದಾಗ ನಾನು ಜರ್ಮನ್, ಸೋತಾಗ ವಲಸಿಗ ಎಂದು ಹೇಳಿ ಅವರು ಜುಲೈನಲ್ಲಿ ರಾಷ್ಟ್ರೀಯ ತಂಡ ಬಿಟ್ಟರು. 2014ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಇದ್ದವರು ಅವರು.

ಒಂದೇ ಊರು, ಒಂದೇ ಫೋಟೋ. ಆಮೇಲಿನ ದಾರಿ ಬೇರೆ ಬೇರೆ. ಗುಂಡೋವಾನ್ ಜರ್ಮನಿ ತಂಡದಲ್ಲೇ ಉಳಿದರು. 2024ರಲ್ಲಿ ಜರ್ಮನಿಯಲ್ಲೇ ನಡೆದ ಯುರೋ ಕಪ್‌ನಲ್ಲಿ ಅವರೇ ನಾಯಕ. ಓಜಿಲ್ ಅವರ ಮದುವೆಯಲ್ಲಿ 2019ರಲ್ಲಿ ಎರ್ಡೋಗನ್ ಸಾಕ್ಷಿಯಾಗಿ ನಿಂತರು. 2025ರಲ್ಲಿ ಓಜಿಲ್ ಎರ್ಡೋಗನ್ ಪಕ್ಷದ ಕೇಂದ್ರ ಮಂಡಳಿಗೆ ಸೇರಿದರು. ನೋಡಿ, ನಾವು ಮೊದಲೇ ಹೇಳಿದ್ದೆವಲ್ಲ ಎಂದು ಕೆಲವರು ಹೇಳಬಹುದು. ನನಗೆ ಹಾಗೆ ಹೇಳಲು ಮನಸ್ಸು ಬರುವುದಿಲ್ಲ. ಓಜಿಲ್ ಅವರ ರಾಜಕೀಯ ನನಗೆ ಒಪ್ಪಿಗೆಯಿಲ್ಲ. ಆದರೂ ಫೋಟೋ ಒಂದೇ ಆಗಿದ್ದು ಬದುಕು ಎರಡಾಗಿದ್ದರೆ, ಫೋಟೋ ನೋಡಿ ನಿಷ್ಠೆ ಅಳೆಯಲು ಆಗುವುದಿಲ್ಲ ಎಂಬುದಷ್ಟೇ ಖಚಿತ.

ಇಲ್ಲಿ ಗದರ್ ಪಕ್ಷವನ್ನೂ ನೆನೆಯಬೇಕು. ತಾಯ್ನಾಡಿನ ಜೊತೆ ವಲಸಿಗರ ರಾಜಕೀಯ ನಂಟು ಅಂದಾಗ ನಾವು ಹೆಮ್ಮೆಪಡುವ ಕಥೆ ಅದು. 1913ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಭಾರತೀಯರು, ಹೆಚ್ಚಿನವರು ಮರದ ಮಿಲ್ಲು ಮತ್ತು ಹೊಲಗಳಲ್ಲಿ ದುಡಿಯುವ ಪಂಜಾಬಿಗಳು, ಬ್ರಿಟಿಷರ ವಿರುದ್ಧ ಈ ಪಕ್ಷ ಕಟ್ಟಿದರು. ಬ್ರಿಟಿಷ್ ಸರ್ಕಾರ ಅವರ ಹಿಂದೆ ಗೂಢಚಾರರನ್ನು ಬಿಟ್ಟಿತು. ವ್ಯಾಂಕೂವರ್‌ನ ವಲಸೆ ಅಧಿಕಾರಿ ಹಾಪ್‌ಕಿನ್ಸನ್ ಭಾರತೀಯರ ನಡುವೆ ಬಾತ್ಮೀದಾರರನ್ನು ಇಟ್ಟಿದ್ದ. 1914ರ ಅಕ್ಟೋಬರ್‌ನಲ್ಲಿ ಅವನ ಕೊಲೆಯಾಯಿತು. ಮಹಾಯುದ್ಧ ಬಂದಾಗ ಗದರ್‌ನವರು ಬ್ರಿಟನ್ನಿನ ಶತ್ರುವಾದ ಜರ್ಮನಿಯಿಂದ ಹಣ, ಆಯುಧಗಳ ನೆರವು ಪಡೆದರು. 1917-18ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅವರ ಮೇಲೆ ದೊಡ್ಡ ಮೊಕದ್ದಮೆ ನಡೆದು ಶಿಕ್ಷೆಯೂ ಆಯಿತು.

ಅವರ ಪ್ರೀತಿ ನಿಜ. ಹೊರಗಿನ ಸರ್ಕಾರದ ಹಣ ಬಂದದ್ದೂ ನಿಜ. ಎರಡೂ ಒಂದೇ ಮನುಷ್ಯನಲ್ಲಿ ಇರಬಹುದು. ಅಮೆರಿಕದ ಕೋರ್ಟು ವಿಚಾರಿಸಿದ್ದು ತಟಸ್ಥ ದೇಶದ ನೆಲದಿಂದ ಯುದ್ಧಕ್ಕೆ ಸಿದ್ಧತೆ ಮಾಡಿದ ಕೆಲಸವನ್ನು. ಅಷ್ಟಕ್ಕೆ ನಿಂತಿದ್ದರೆ ಅದು ಒಂದು ಮೊಕದ್ದಮೆ. ಆದರೆ ಆ ಕಾಲದ ಹಗೆ ಎಲ್ಲ ಭಾರತೀಯರ ಮೇಲೂ ಹರಡಿತು. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಅದೇ ದೇಶದ ಸೈನ್ಯದಲ್ಲಿ ಕೆಲಸ ಮಾಡಿದ್ದ ಭಗತ್ ಸಿಂಗ್ ಥಿಂಡ್ ಬಿಳಿಯನಲ್ಲ, ಆದ್ದರಿಂದ ಪೌರನಾಗಲಾರ ಎಂದು ತೀರ್ಪು ಕೊಟ್ಟಿತು. ಅಮೆರಿಕದ ಸಮವಸ್ತ್ರ ತೊಟ್ಟಿದ್ದೂ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ.

ಈಗ ಕೆನಡಾ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಸಂಶಯ ಒಂದು ತಪ್ಪಾದರೆ, ಅದಕ್ಕೆ ವಿರುದ್ಧವಾದ ಇನ್ನೊಂದು ತಪ್ಪು ಇಲ್ಲಿ ಕಾಣುತ್ತದೆ. 1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ವಿಮಾನ ಐರ್ಲೆಂಡ್ ಹತ್ತಿರ ಸಮುದ್ರದ ಮೇಲೆ ಬಾಂಬಿನಿಂದ ಸಿಡಿಯಿತು. 329 ಜನ ಸತ್ತರು. ಬಾಂಬು ಕೆನಡಾದಲ್ಲಿ ತಯಾರಾಗಿತ್ತು, ಸಂಚು ಕೆನಡಾದ ಖಾಲಿಸ್ತಾನಿ ಉಗ್ರರದು. ಸತ್ತವರಲ್ಲಿ 268 ಜನ ಕೆನಡಾದ ಪೌರರು. ಆದರೂ ಕೆನಡಾದ ಪ್ರಧಾನಿ ಬ್ರಯಾನ್ ಮಲ್ರೋನಿ ಸಂತಾಪ ಹೇಳಲು ಫೋನ್ ಮಾಡಿದ್ದು ರಾಜೀವ್ ಗಾಂಧಿಯವರಿಗೆ. ತಮ್ಮ ದೇಶದವರೇ ಸತ್ತಿದ್ದಾರೆ ಎಂಬುದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಸಂಶಯಿತರ ಫೋನ್ ಕದ್ದಾಲಿಸಿದ ನೂರಾರು ಟೇಪುಗಳನ್ನು ಗುಪ್ತಚರ ಸಂಸ್ಥೆ ಅಳಿಸಿಹಾಕಿತು. ತನಿಖೆ ದಶಕಗಟ್ಟಲೆ ಎಳೆಯಿತು. ಶಿಕ್ಷೆಯಾದದ್ದು ಒಬ್ಬನಿಗೆ ಮಾತ್ರ. 2010ರಲ್ಲಿ ನ್ಯಾಯಮೂರ್ತಿ ಜಾನ್ ಮೇಜರ್ ಅವರ ಆಯೋಗ ಇದನ್ನು ಕೆನಡಾದ ದುರಂತ ಎಂದು ಹೆಸರಿಟ್ಟು ಹೇಳಿತು. ಹಾಗೆ ಹೇಳಲು 25 ವರ್ಷ ಬೇಕಾಯಿತು.

ಇದು ನಿಷ್ಠೆಯ ಪ್ರಶ್ನೆಯ ಇನ್ನೊಂದು ಮುಖ. ಅವರ ಜಗಳ ಅವರ ದೇಶದ್ದು, ನಮಗೇಕೆ ಎನ್ನುವ ಉದಾಸೀನ. ಸಂಶಯಪಡುವವನೂ ಉದಾಸೀನ ಮಾಡುವವನೂ ಒಂದೇ ಮಾತನ್ನು ನಂಬಿದ್ದಾರೆ: ಇವರು ನಿಜವಾಗಿ ಬೇರೆ ಕಡೆಯವರು. ಬೆದರಿಕೆ ಬಂತು ಎಂದು ಪೊಲೀಸ್ ಠಾಣೆಗೆ ಹೋದವನಿಗೆ ಉತ್ತರ ಸಿಗದಿರುವುದು ಈ ನಂಬಿಕೆಯಿಂದಲೇ.

ಮುಂದಿನ ಕಥೆ ಎಲ್ಲರಿಗೂ ಗೊತ್ತು. 2023ರ ಜೂನ್ 18ರಂದು ಕೆನಡಾದ ಸರ್ರೆಯ ಗುರುದ್ವಾರದ ಹೊರಗೆ ಖಾಲಿಸ್ತಾನ ಪರ ನಾಯಕ ಹರ್ದೀಪ್ ಸಿಂಗ್ ನಿಜ್ಜರ್ ಕೊಲೆಯಾಯಿತು. ಭಾರತ ಅವನನ್ನು 2020ರಲ್ಲೇ ಭಯೋತ್ಪಾದಕ ಎಂದು ಘೋಷಿಸಿತ್ತು. ಕೊಲೆಯ ಹಿಂದೆ ಭಾರತದ ಏಜೆಂಟರು ಇರಬಹುದೆಂಬ ನಂಬಲರ್ಹ ಆರೋಪವಿದೆ ಎಂದು ಪ್ರಧಾನಿ ಟ್ರುಡೊ ಸೆಪ್ಟೆಂಬರ್‌ನಲ್ಲಿ ಸಂಸತ್ತಿನಲ್ಲಿ ಹೇಳಿದರು. ಭಾರತ ಅದನ್ನು ಪೂರ್ತಿ ತಳ್ಳಿಹಾಕಿತು. 2024ರ ಮೇ ತಿಂಗಳಲ್ಲಿ ನಾಲ್ವರು ಭಾರತೀಯರನ್ನು ಬಂಧಿಸಿದರು. ಅಪರಾಧ ಯಾರದು ಎಂದು ಹೇಳಬೇಕಾದದ್ದು ಕೋರ್ಟು. ಆದರೆ ಈ ನಡುವೆ ಕೆನಡಾದ ಹಿಂದೂಗಳು, ಸಿಖ್ಖರು ಎಲ್ಲರೂ ಯಾವುದೋ ಒಂದು ಪಾಳೆಯಕ್ಕೆ ಸೇರಿದವರು ಎಂಬಂತೆ ಚರ್ಚೆ ನಡೆಯಿತು. ಖಾಲಿಸ್ತಾನ ಬೇಡ ಎನ್ನುವ ಸಿಖ್ಖರಿದ್ದಾರೆ. ಭಾರತ ಸರ್ಕಾರವನ್ನು ಟೀಕಿಸುವ ಹಿಂದೂಗಳಿದ್ದಾರೆ. ಅವರ ದನಿ ಯಾರಿಗೂ ಬೇಕಾಗಲಿಲ್ಲ.

ವದಂತಿ ಏನು ಮಾಡುತ್ತದೆ ಎಂಬುದಕ್ಕೂ ಕೆನಡಾದಲ್ಲೇ ಉದಾಹರಣೆ ಇದೆ. 2024ರ ಜೂನ್‌ನಲ್ಲಿ ಸಂಸದರ ಸಮಿತಿಯೊಂದು, ಕೆಲವು ಸಂಸದರು ಗೊತ್ತಿದ್ದೋ ಅರೆಬರೆ ಗೊತ್ತಿದ್ದೋ ವಿದೇಶಿ ಸರ್ಕಾರಗಳಿಗೆ ನೆರವಾಗಿದ್ದಾರೆ ಎಂದು ವರದಿ ಕೊಟ್ಟಿತು. ಹೆಸರು ಹೇಳಲಿಲ್ಲ. ಏಳು ತಿಂಗಳು ಸಂಶಯ ಹಾಗೇ ತೇಲಾಡಿತು. ಹೆಸರಿಲ್ಲದ ಆರೋಪ ಬಂದಾಗ ಜನ ಯಾರ ಮುಖ ನೋಡುತ್ತಾರೆ ಎಂದು ಬಿಡಿಸಿ ಹೇಳಬೇಕಿಲ್ಲ. 2025ರ ಜನವರಿಯಲ್ಲಿ ನ್ಯಾಯಮೂರ್ತಿ ಹೋಗ್ ಅವರ ಆಯೋಗ ಅಂತಿಮ ವರದಿ ಕೊಟ್ಟಿತು. ಸಂಸತ್ತಿನಲ್ಲಿ ದೇಶದ್ರೋಹಿಗಳ ಗುಂಪು ಇದೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ ಎಂದಿತು. ವಿದೇಶಿ ಹಸ್ತಕ್ಷೇಪ ನಡೆದದ್ದು ನಿಜ, ಚೀನಾ ಅದರಲ್ಲಿ ಎಲ್ಲರಿಗಿಂತ ಮುಂದೆ, ನಂತರ ಭಾರತ ಎಂದೂ ಹೇಳಿತು. ಇದರ ಪೆಟ್ಟು ಮೊದಲು ಬೀಳುವುದು ವಲಸಿಗ ಸಮುದಾಯಗಳ ಮೇಲೇ ಎಂಬುದೂ ಆ ವಿಚಾರಣೆಯಲ್ಲಿ ಮತ್ತೆ ಮತ್ತೆ ಬಂತು.

ಹಾಗಾದರೆ ಏನು ಕೇಳಬೇಕು? ಈ ಕೆಲಸ ಯಾರ ಮಾತಿನ ಮೇಲೆ ನಡೆಯುತ್ತಿದೆ, ಬಚ್ಚಿಟ್ಟು ನಡೆಯುತ್ತಿದೆಯಾ, ಇದರಿಂದ ಯಾರಿಗಾದರೂ ಬೆದರಿಕೆ ಇದೆಯಾ? ಕೆಲವು ಕಾನೂನುಗಳು ಈ ದಾರಿಯಲ್ಲಿ ಹೋಗಿವೆ. ಅಮೆರಿಕ 1938ರಲ್ಲೇ, ನಾಜಿ ಪ್ರಚಾರದ ಕಾಲದಲ್ಲಿ, ವಿದೇಶಿ ಸರ್ಕಾರದ ಪರ ಕೆಲಸ ಮಾಡುವವರು ಹೆಸರು ನೋಂದಾಯಿಸಬೇಕು ಎಂದು ಕಾನೂನು ಮಾಡಿತು. ಆಸ್ಟ್ರೇಲಿಯಾ 2018ರಲ್ಲಿ, ಕೆನಡಾ 2024ರಲ್ಲಿ ಇಂಥದೇ ಕಾನೂನು ತಂದವು. ಬ್ರಿಟನ್‌ನಲ್ಲಿ 2025ರ ಜುಲೈ 1ರಿಂದ ಜಾರಿಯಲ್ಲಿದೆ. ನಿಮ್ಮ ಮನಸ್ಸಿಗೆ ಬಂದದ್ದನ್ನು ನೀವು ಹೇಳಿದರೆ ನೋಂದಣಿ ಬೇಡ. ಇನ್ನೊಂದು ಸರ್ಕಾರ ಹೇಳಿಸಿದರೆ ಬೇಕು. ಬಚ್ಚಿಟ್ಟರೆ ತಪ್ಪು.

ಈ ಗೆರೆ ಜಾರಿದರೆ ಅಪಾಯವೂ ಇದೆ. ಜಾರ್ಜಿಯಾ ದೇಶ 2024ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಸಂಘ ಸಂಸ್ಥೆಗಳ ಆದಾಯದಲ್ಲಿ 20 ಶೇಕಡಕ್ಕಿಂತ ಜಾಸ್ತಿ ಹೊರದೇಶದಿಂದ ಬಂದರೆ ಸಾಕು, ವಿದೇಶಿ ಹಿತಾಸಕ್ತಿಯ ಹಣೆಪಟ್ಟಿ ಬೀಳುತ್ತದೆ. ಯಾರ ಆದೇಶ ಪಾಲಿಸಿದಿರಿ ಎಂದು ಯಾರೂ ಕೇಳುವುದಿಲ್ಲ. ಜನ ಬೀದಿಗಿಳಿದು ವಿರೋಧಿಸಿದ್ದು ಅದಕ್ಕೇ.

ಪೌರತ್ವದ ಕಾಗದ ನೋಡಿ ನಿಷ್ಠೆ ಅಳೆಯುವುದೂ ಕೆಲಸಕ್ಕೆ ಬರುವುದಿಲ್ಲ. ಆಸ್ಟ್ರೇಲಿಯಾದ ಸಂವಿಧಾನದ 44ನೇ ವಿಧಿ ದ್ವಿಪೌರತ್ವ ಇದ್ದವರನ್ನು ಸಂಸತ್ತಿಗೆ ಬಿಡುವುದಿಲ್ಲ. 2017ರಲ್ಲಿ ಅದಕ್ಕೆ ಸಿಕ್ಕಿಬಿದ್ದವರಲ್ಲಿ ಉಪಪ್ರಧಾನಿ ಬಾರ್ನಬಿ ಜಾಯ್ಸ್ ಒಬ್ಬರು. ಅವರ ತಂದೆ ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ್ದರಿಂದ ಅವರೂ ಅಲ್ಲಿನ ಪೌರರಾಗಿದ್ದರು, ಅವರಿಗೇ ತಿಳಿಯದ ಹಾಗೆ.

ಇಷ್ಟೆಲ್ಲ ನೋಡಿದ ಮೇಲೂ ಒಂದು ಮುಖ್ಯ ವಿಷಯ ಉಳಿಯುತ್ತದೆ. ನೆಲೆಸಿದ ದೇಶಕ್ಕಿಂತ ಗಟ್ಟಿಯಾಗಿ ನಿಷ್ಠೆ ಕೇಳುವುದು ಎಷ್ಟೋ ಸಲ ತಾಯ್ನಾಡಿನ ಸರ್ಕಾರವೇ. 2023ರ ಜುಲೈನಲ್ಲಿ ಹಾಂಗ್‌ಕಾಂಗ್ ಪೊಲೀಸರು ವಿದೇಶದಲ್ಲಿರುವ ಎಂಟು ಹೋರಾಟಗಾರರನ್ನು ಹಿಡಿದುಕೊಡಲು ತಲಾ 10 ಲಕ್ಷ ಹಾಂಗ್‌ಕಾಂಗ್ ಡಾಲರ್ ಬಹುಮಾನ ಕಟ್ಟಿದರು. ಅಲ್ಲೇ ಉಳಿದಿದ್ದ ಅವರ ಬಂಧುಗಳನ್ನು ಕರೆಸಿ ವಿಚಾರಿಸಿದರು.

ಆಫ್ರಿಕಾದ ಎರಿಟ್ರಿಯಾ ಇದಕ್ಕಿಂತ ಹಳೆಯ, ದಿನನಿತ್ಯದ ದಾರಿ ಹಿಡಿದಿದೆ. 1993ರಲ್ಲಿ ಸ್ವತಂತ್ರವಾದ ಈ ದೇಶದಲ್ಲಿ ಅಂದಿನಿಂದ ಒಂದೂ ರಾಷ್ಟ್ರೀಯ ಚುನಾವಣೆ ನಡೆದಿಲ್ಲ. ಅಧ್ಯಕ್ಷ ಅದೇ ಇಸಾಯಾಸ್ ಅಫ್ವೆರ್ಕಿ. ಸೈನಿಕ ಸೇವೆಗೆ ಕೊನೆಯೇ ಇಲ್ಲ, ಅದಕ್ಕೇ ಲಕ್ಷಾಂತರ ಜನ ಓಡಿಹೋಗಿದ್ದಾರೆ. ಹೊರಗೆ ದುಡಿಯುವ ಪ್ರತಿಯೊಬ್ಬನೂ ಆದಾಯದ 2 ಶೇಕಡ ತೆರಿಗೆ ಕೊಡಬೇಕು. ಕೊಡದಿದ್ದರೆ ಪಾಸ್‌ಪೋರ್ಟ್ ಇಲ್ಲ, ದಾಖಲೆಪತ್ರ ಇಲ್ಲ, ಊರಿನ ಆಸ್ತಿಯ ಕೆಲಸ ಆಗುವುದಿಲ್ಲ. ಬೆದರಿಸಿ ವಸೂಲಿ ಮಾಡುವುದನ್ನು ನಿಲ್ಲಿಸಿ ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2011ರಲ್ಲಿ ಹೇಳಿತು. ಕೆನಡಾ 2013ರಲ್ಲಿ ಇದೇ ಕಾರಣಕ್ಕೆ ಎರಿಟ್ರಿಯಾದ ಕಾನ್ಸುಲ್‌ನನ್ನು ಹೊರಗೆ ಕಳಿಸಿತು.

2023ರಲ್ಲಿ ಜರ್ಮನಿಯ ಗೀಸನ್, ಸ್ವೀಡನ್ನಿನ ಸ್ಟಾಕ್‌ಹೋಮ್, ಇಸ್ರೇಲಿನ ಟೆಲ್ ಅವಿವ್‌ನಲ್ಲಿ ಎರಿಟ್ರಿಯಾ ಸರ್ಕಾರದ ಪರ ಇರುವವರ ಸಮಾರಂಭಗಳಿಗೆ ವಿರೋಧಿಗಳು ನುಗ್ಗಿ ದೊಡ್ಡ ಹೊಡೆದಾಟವಾಯಿತು. ಟೆಲ್ ಅವಿವ್‌ನಲ್ಲೇ ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಹಿಂಸೆ ತಪ್ಪು, ಶಿಕ್ಷೆ ಆಗಬೇಕು. ಆದರೆ ಎಲ್ಲ ಕಡೆ ಸುದ್ದಿಯಾದದ್ದು 'ಎರಿಟ್ರಿಯನ್ನರ ಗಲಭೆ' ಎಂದು. ಓಡಿಬಂದವನನ್ನೂ, ಅವನನ್ನು ಓಡಿಸಿದ ಸರ್ಕಾರಕ್ಕೆ ಜೈ ಎನ್ನುವವನನ್ನೂ ಒಂದೇ ಹೆಸರಿನಡಿ ಸೇರಿಸಿದರು.

ಜರ್ಮನಿಗೆ ಬಂದ ಎರಿಟ್ರಿಯನ್ ಯುವಕನೊಬ್ಬನಿಗೆ ಪ್ರಯಾಣದ ದಾಖಲೆ ಬೇಕಿತ್ತು. ನಿಮ್ಮ ರಾಯಭಾರ ಕಚೇರಿಗೆ ಹೋಗಿ ಪಾಸ್‌ಪೋರ್ಟ್ ತನ್ನಿ ಎಂದರು ಜರ್ಮನ್ ಅಧಿಕಾರಿಗಳು. ರಾಯಭಾರ ಕಚೇರಿಯಲ್ಲಿ ಒಂದು ಫಾರಂ ಇತ್ತು. ಸೈನಿಕ ಸೇವೆ ಮುಗಿಸದೆ ಅಪರಾಧ ಮಾಡಿದ್ದೇನೆ, ಅದಕ್ಕೆ ಪಶ್ಚಾತ್ತಾಪಪಡುತ್ತೇನೆ, ತಕ್ಕ ಶಿಕ್ಷೆಗೆ ಒಪ್ಪಿದ್ದೇನೆ ಎಂದು ಅದಕ್ಕೆ ಸಹಿ ಹಾಕಬೇಕು. ಅವನು ಹಾಕುವುದಿಲ್ಲ ಎಂದ. ವಿಷಯ ಜರ್ಮನಿಯ ಆಡಳಿತ ನ್ಯಾಯದ ಅತ್ಯುನ್ನತ ಕೋರ್ಟಿಗೆ ಹೋಯಿತು. 2022ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು: ಮನಸ್ಸಿಲ್ಲದವನಿಂದ ಇಂಥ ಕಾಗದಕ್ಕೆ ಸಹಿ ಕೇಳುವಂತಿಲ್ಲ, ಪ್ರಯಾಣದ ದಾಖಲೆಯನ್ನು ಜರ್ಮನಿಯೇ ಕೊಡಬೇಕು.